ಹುಳದ ಮನೆಗೆ ಬರಿಗಾಲು

ಸೋಡಾ ಹಾಕಿದ ನೀರಿನಲ್ಲಿ ರೇಷ್ಮೆಗೂಡು ಕುದಿಯುವಾಗ ಏಳುವ ವಾಸನೆಯನ್ನು ಚೆನ್ನಾಗಿದೆ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಹಾಸನದ ನಮ್ಮ ಪ್ರಯೋಗಾಲಯದಲ್ಲಿ ಗೂಡು ಕುದಿಯಲು ಇಟ್ಟ ದಿನ ಪಕ್ಕದ ಕೋಣೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಹಳೇಕೋಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾಗುತ್ತಾರೆ. ನೆನಪಾದರೆ ಸಂತೋಷವಾಗಬೇಕು. ಆಗುವುದಿಲ್ಲ...

ದೊಡ್ಡವ್ವ ನಮಗೆ ರಕ್ತಸಂಬಂಧವೇನಲ್ಲ. ಒಂದೇ ಗೋಡೆಯ ಆಚೆ ಈಚೆ ಇದ್ದ ಬಳಕೆ. ಮನೆಯ ಹಿಂದೆ ಹುಳ ಸಾಕುವ ಉದ್ದನೆಯ ಮನೆಯೊಂದಿತ್ತು, ಅಲ್ಲಿ ಅವರದೇ ಕಾನೂನು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ, ಹೊಗೆಸೊಪ್ಪು ಹಾಕಿದವರು ಹತ್ತಿರ ಸುಳಿಯುವಂತಿಲ್ಲ, ಹೊಸಿಲು ದಾಟಿ ಚಪ್ಪಲಿ ಬರುವಂತಿಲ್ಲ. ಒಮ್ಮೆ ಹುಳ ನೋಡಲು ಬಂದ ಸಾಹೇಬರೊಬ್ಬರು ಬೂಟು ಬಿಚ್ಚಲು ಹಿಂದೆ ಮುಂದೆ ನೋಡಿದರು. “ಹುಳಕ್ಕೆ ಸೀಕು ಬಂದ್ರೆ ನಿಮ್ ಬೂಟು ಬಂದು ಗೂಡು ಕಟ್ತದಾ ಸಾ?” ಎಂದು ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತರು. ಸಾಹೇಬರು ಬೂಟು ಬಿಚ್ಚಿ, ಕಾಲು ತೊಳೆದೇ ಒಳಗೆ ಹೋದರು.

ನಾನು ಪ್ರಯೋಗಾಲಯಕ್ಕೆ ಸೇರಿದ ಮೇಲೆ ನಮಗೆ ಬೇಕಾದ ಗೂಡು ಅವರ ಮನೆಯಿಂದಲೇ ಬರತೊಡಗಿತು. ಗೂಡಿನ ಅಂಟು ತೆಗೆದು, ಉಳಿದ ಎಳೆಯನ್ನು ಕರಗಿಸಿ, ಒಣಗಿಸಿ, ತೆಳ್ಳನೆಯ ಹಾಳೆ ಮಾಡುವುದು ನಮ್ಮ ಕೆಲಸ. ರೇಷ್ಮೆ ಎಂದರೆ ಪ್ರೋಟೀನು. ಚಪ್ಪರ ಹಿಡಿದು ಬಳ್ಳಿ ಹಬ್ಬುವ ಹಾಗೆ ಜೀವಕೋಶಗಳು ಅದನ್ನು ಹಿಡಿದು ಬೆಳೆಯುತ್ತವೆ. ಗಾಯದ ಮೇಲಿಟ್ಟರೆ ಹೊಸ ಚರ್ಮ ಬರಲಿ, ಹಾಳೆ ನಿಧಾನವಾಗಿ ಕರಗಿ ಹೋಗಲಿ ಎಂಬುದು ನಮ್ಮ ಆಸೆ. ಇದನ್ನು ಹೇಳಿದಾಗ ದೊಡ್ಡವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. “ಸೀರೆ ಆಗೋದ್ ಗೊತ್ತಿತ್ತು. ಚರ್ಮಾನೂ ಆಯ್ತದಾ?”

ಅವರಿಗೆ ಬಹಳ ವರ್ಷಗಳಿಂದ ಶುಗರ್ ಇತ್ತು. ಪಾದದಲ್ಲಿ ಸ್ಪರ್ಶವೇ ಸತ್ತುಹೋಗಿತ್ತು. ಹಿಪ್ಪುನೇರಳೆ ತೋಟದಲ್ಲಿ ಕತ್ತರಿಸಿ ಬಿಟ್ಟ ಕಡ್ಡಿಯ ಮೊನೆ ಅಂಗಾಲಿಗೆ ಇಳಿದದ್ದು ಅವರಿಗೆ ತಿಳಿದದ್ದು ಮನೆಗೆ ಬಂದು ನೆಲದ ಮೇಲೆ ರಕ್ತ ಕಂಡಾಗ. ಹೊಳೆನರಸೀಪುರದಲ್ಲಿ ಕಟ್ಟು ಕಟ್ಟಿಸಿದರೂ ಗಾಯ ಮಾಯಲಿಲ್ಲ, ಮಗ ಹಾಸನಕ್ಕೆ ಕರೆತಂದ. ಮಾಯದಿದ್ದರೆ ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

“ನಿನ್ ಹಾಳೆ ಹಾಕ್ಬುಡು ಮಗ. ನಮ್ ಹುಳದ್ದೇ ಅಲ್ವಾ” ಎಂದರು ದೊಡ್ಡವ್ವ.

ನಮ್ಮ ಹಾಳೆ ಆಗಿನ್ನೂ ಗಾಜಿನ ತಟ್ಟೆ ಬಿಟ್ಟು ಆಚೆ ಬಂದಿರಲಿಲ್ಲ. ಮನುಷ್ಯರಿಗೆ ಹಾಕಲು ಅನುಮತಿಯೂ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ. ಆಗುವುದಿಲ್ಲ ಎಂದೆ. ಡಾಕ್ಟರು ಕೊಲಾಜೆನ್ ಹಾಳೆ ಹಾಕಿದರು. ಅದೂ ಪ್ರೋಟೀನೇ, ಪ್ರಾಣಿಗಳ ಚರ್ಮದಿಂದ ತೆಗೆದದ್ದು, ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು. ನೀರು ತಾಕಿಸಬೇಡಿ, ಆ ಕಾಲಿನ ಮೇಲೆ ಭಾರ ಬಿಡಬೇಡಿ, ಬಚ್ಚಲಿಗೆ ಹೋಗಬೇಕಾದರೂ ಇದನ್ನು ಹಾಕಿಕೊಂಡೇ ಹೋಗಿ ಎಂದು ಮೆತ್ತನೆಯ ಚಪ್ಪಲಿಯೊಂದನ್ನು ಕೊಟ್ಟು ಕಳಿಸಿದರು.

ನನ್ನದು ಮೊದಲೇ ಪುಕ್ಕಲು ಜೀವ. ದಿನಾ ಫೋನು ಮಾಡುತ್ತಿದ್ದೆ. ವಾಸನೆ ಇದೆಯಾ, ಕಟ್ಟು ಒದ್ದೆಯಾಗಿದೆಯಾ, ಬೆರಳು ಕಪ್ಪಗಿದೆಯಾ... “ಒಳ್ಳೆ ಕಾಟ ಕಣೆ ನಿಂದು. ಗಾಯ ನಂದು, ಕೊರಗು ನಿಂದು” ಎಂದು ಬಯ್ಯುತ್ತಿದ್ದರು. ಮುಂದಿನ ಸಲ ಕಟ್ಟು ಬಿಚ್ಚಿದಾಗ ಗಾಯದ ಅಂಚಿನಲ್ಲಿ ನಸುಗೆಂಪು ಚಿಗುರಿತ್ತು. ಡಾಕ್ಟರು ನಕ್ಕರು. ದೇವರ ಮೇಲೆ ಭಾರ ಹಾಕಿ ನಾನೂ ನಕ್ಕೆ.

ಅಷ್ಟರಲ್ಲಿ ಅವರ ಸೊಸೆ ಹೆರಿಗೆಗೆಂದು ತವರಿಗೆ, ಅರಕಲಗೂಡಿಗೆ ಹೋದಳು. ಹುಳ ಕೊನೆಯ ಹಂತಕ್ಕೆ ಬಂದಿತ್ತು. ಆಗ ಅವಕ್ಕೆ ಹಗಲು ರಾತ್ರಿ ಎಂದಿಲ್ಲ, ಎಷ್ಟು ಸೊಪ್ಪು ಸುರಿದರೂ ಸಾಲದು. ಮಗ ಒಬ್ಬನೇ. ಒಂದು ಭಾನುವಾರ ಬೆಳಿಗ್ಗೆ ಹಳೇಕೋಟೆಯಲ್ಲಿ ಬಸ್ಸಿಳಿದು ಅವರ ಮನೆಗೆ ಹೋದರೆ ದೊಡ್ಡವ್ವ ಮಂಚದ ಮೇಲಿಲ್ಲ. ಹಿತ್ತಿಲಿಗೆ ಹೋದೆ. ಹುಳದ ಮನೆಯ ಹೊಸಿಲಿನ ಹೊರಗೆ, ಗೋಡೆಗೆ ಒತ್ತಿಸಿ, ಆಸ್ಪತ್ರೆಯ ಚಪ್ಪಲಿಯನ್ನು ಒಪ್ಪವಾಗಿ ಬಿಟ್ಟಿದ್ದರು. ಬಾಗಿಲಿಗೆ ಓಡಿದೆ.

ಒಳಗೆ ಅವರು ಗೋಡೆ ಹಿಡಿದು ನಡೆಯುತ್ತಾ ಸೊಪ್ಪು ಹರಡುತ್ತಿದ್ದರು. ಹುಳಕ್ಕೆ ಸೀಕು ತಗುಲದಿರಲೆಂದು ನೆಲಕ್ಕೆ ಹಾಕಿದ್ದ ಸುಣ್ಣದ ಪುಡಿ ಕಾಲಿನ ಕಟ್ಟಿಗೆ ಮೆತ್ತಿಕೊಂಡು, ಕಟ್ಟು ಬ್ಲೀಚಿಂಗ್ ನೀರಿನಲ್ಲಿ ನೆನೆದಿತ್ತು.

“ದೊಡ್ಡವ್ವ, ಕಾಲು!” ಎಂದು ಕಿರುಚಿದೆ.

ಅವರು ತಿರುಗಿ ನೋಡಿದ್ದು ನನ್ನ ಕಾಲನ್ನು. “ಅಲ್ಲೇ ನಿಂತ್ಕಳೆ! ಚಪ್ಲಿ ಬುಟ್ಬುಟ್ಟು ಬಾ.”

“ಡಾಕ್ಟ್ರು ಏನ್ ಹೇಳಿದ್ರು ನಿಮಗೆ?”

“ಬಚ್ಚಲ್ಗೆ ಹಾಕ್ಕಂಡ್ ಓಗು ಅಂದ್ರು, ಓಯ್ತಿವ್ನಿ. ಆಸ್ಪತ್ರೆ ಚಪ್ಲಿ ಮೆಟ್ಕಂಡ್ ಹುಳದ್ ಮನೆಗೆ ಬರಕಾಯ್ತದಾ? ಅದೂ ಅಲ್ದೆ ನೋವೇ ಇಲ್ಲ ಕಣ್ ಮಗ.”

ನೋವಿಲ್ಲದ್ದೇ ನನ್ನ ಭಯವಾಗಿತ್ತು. ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ರಟ್ಟೆ ಹಿಡಿದು ಕರೆತಂದೆ. ಹುಳದ ಮನೆಯೊಳಗೇ ಇಡಲು ತೊಳೆದ ಇನ್ನೊಂದು ಜೊತೆ ಕೊಟ್ಟಿದ್ದರೆ ಖಂಡಿತ ಹಾಕಿಕೊಳ್ಳುತ್ತಿದ್ದರು. ಅದು ಡಾಕ್ಟರಿಗೂ ಹೊಳೆದಿರಲಿಲ್ಲ, ಮಗನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಕಟ್ಟು ಬಿಚ್ಚಿದಾಗ ಹಾಳೆ ಗಂಜಿಯಂತಾಗಿತ್ತು. ಆ ವಾರ ಕಳೆಯುವಷ್ಟರಲ್ಲಿ ಪಾದ ಕಪ್ಪಾಯಿತು, ಮಂಡಿಯ ಕೆಳಗೆ ಕಾಲು ತೆಗೆದರು. ಎಚ್ಚರವಾದಾಗ ಅವರು ಮಗನನ್ನು ಕೇಳಿದ ಮೊದಲ ಮಾತು, “ಗೂಡು ಹೆಂಗ್ ಬಂತ್ಲಾ?” ಚೆನ್ನಾಗಿ ಬಂದಿತ್ತು. ಅವನು ಆಚೆ ಹೋಗಿ ಅತ್ತ.

ಆಮೇಲೂ ದೊಡ್ಡವ್ವ ಹುಳದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಬಂದವರ ಚಪ್ಪಲಿ ಬಿಚ್ಚಿಸುತ್ತಿದ್ದರು. ಹೋದ ವರ್ಷ, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟರು. ದಿನಾ ಫೋನು ಮಾಡುತ್ತಿದ್ದ ಆ ಹೊತ್ತಿಗೆ ಕೈ ಈಗಲೂ ಸುಮ್ಮನಿರುವುದಿಲ್ಲ...

ಈಗ ನಮ್ಮ ರೇಷ್ಮೆ ಹಾಳೆಯನ್ನು ಒಪ್ಪಿಗೆ ಪಡೆದು ಕೆಲವೇ ಕೆಲವರ ಗಾಯಕ್ಕೆ ಹಾಕಿ ನೋಡುತ್ತಿದ್ದೇವೆ. ನಿದ್ದೆ ಕಡಿಮೆಯಾಗಿದೆ. ಮೊನ್ನೆ ಹಿರೀಸಾವೆ ಕಡೆಯ ಹೆಂಗಸೊಬ್ಬರ ಹಿಮ್ಮಡಿಗೆ ಹಾಕಿದರು. ನೀರು, ಭಾರ, ನಡಿಗೆ, ಎಲ್ಲ ಹೇಳಿ ಡಾಕ್ಟರು ಹೊರಟರು. ನಾನು ಹೋಗಲಿಲ್ಲ.

“ಮನೇಲಿ ಹುಳ ಸಾಕ್ತೀರಾ?” ಎಂದು ಕೇಳಿದೆ.

ಆಕೆಯ ಮುಖ ಅರಳಿತು. “ಸಾಕ್ತೀವಿ ಕಣವ್ವ. ಇನ್ನೇನ್ ಗೂಡು ಕಟ್ಟಾಕೆ ಬಂದವೆ, ಬಿರ್‍ನೆ ಕಳ್ಸವ್ವ ನನ್ನ.”

ಮಂಚದ ಮೇಲೆ ಕುಳಿತು ಆಕೆಯ ಕೈ ಹಿಡಿದುಕೊಂಡೆ. “ನಂಗೊಬ್ರು ದೊಡ್ಡವ್ವ ಇದ್ರು” ಎಂದು ಶುರು ಮಾಡಿದೆ. ಹುಳದ ಮನೆಯೊಳಗೇ ಇಡಬೇಕಾದ ಇನ್ನೊಂದು ಜೊತೆ ಚಪ್ಪಲಿಯ ಮಾತು ಬರುವವರೆಗೆ ಆ ಕೈ ಬಿಡಲಿಲ್ಲ.