ಹೊಸಬರನ್ನು ಕಾಯುತ್ತಿದ್ದ ಅಡ್ಮಿನ್ ಸಾರ್

ಅವರ ಎಡಗೈಯಲ್ಲಿ ಮೊಣಕೈಯಿಂದ ಮೇಲಕ್ಕೆ ರಕ್ತನಾಳವೊಂದು ಹಗ್ಗದಂತೆ ದಪ್ಪಗೆ ಉಬ್ಬಿಕೊಂಡಿತ್ತು. ಅದರ ಉದ್ದಕ್ಕೂ ಸೂಜಿ ಚುಚ್ಚಿದ ಗುರುತುಗಳು. ಬೆರಳಿಟ್ಟರೆ ಒಳಗೆ ಪುಟ್ಟ ಮೋಟಾರೊಂದು ಓಡುತ್ತಿರುವಂತೆ ಅದುರುತ್ತಿತ್ತು. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದರಿಂದ ವಾರಕ್ಕೆ ಮೂರು ದಿನ ಯಶವಂತಪುರದ ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತಿದ್ದರು. ನಾಲ್ಕು ಗಂಟೆ ಆ ಎಡಗೈ ಅಲ್ಲಾಡುವಂತಿರಲಿಲ್ಲ. ಆಗ ಬಲಗೈಯ ಹೆಬ್ಬೆರಳೊಂದರಿಂದಲೇ ಮೊಬೈಲು ಒತ್ತುತ್ತ, ನಾಣ್ಯ ಸಂಗ್ರಹಿಸುವವರ ನಮ್ಮ ವಾಟ್ಸಾಪ್ ಗ್ರೂಪು ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಅಡ್ಮಿನ್ ಸಾರ್ ಎನ್ನುತ್ತಿದ್ದೆವು.

ನಾನು ಆ ಗ್ರೂಪಿಗೆ ಸೇರಿದ್ದು ಅಪ್ಪ ಸತ್ತ ಮೇಲೆ. ಅಪ್ಪನ ಬೀರುವಿನಲ್ಲಿ ಒಂದು ಡಬ್ಬಿ ತುಂಬ ಮೈಸೂರು ಕಾಲದ ತಾಮ್ರದ ಕಾಸುಗಳಿದ್ದವು, ಒಂದು ಬದಿಗೆ ಆನೆ. ಕಪ್ಪಾಗಿದ್ದವು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡಿದೆ. ಫೋಟೊ ತೆಗೆದು ಹೆಮ್ಮೆಯಿಂದ ಗ್ರೂಪಿಗೆ ಹಾಕಿದೆ. ಹಳೆಯ ನಾಣ್ಯವನ್ನು ತೊಳೆಯಬಾರದು, ಆ ಕಪ್ಪು ಬಣ್ಣವೇ ಅದರ ವಯಸ್ಸು ಎಂದು ನನಗೆ ಯಾರು ಹೇಳಿದ್ದರು? "ಇನ್ನೂರು ವರ್ಷದ ಚರಿತ್ರೆ ಬಚ್ಚಲಿಗೆ ಹೋಯ್ತು," ಎಂದು ಒಬ್ಬರು ಬರೆದರು. "ಪಾತ್ರೆ ಅಂಗಡಿ ಗ್ರೂಪ್ ಬೇರೆ ಇದೆ ಮೇಡಂ," ಎಂದು ಇನ್ನೊಬ್ಬರು. ಅದರ ಕೆಳಗೆ ಸಾಲಾಗಿ ನಗುವ ಮುಖಗಳು.

ನಾನು ಗ್ರೂಪು ಬಿಡಬೇಕೆಂದಿದ್ದಾಗ ಫೋನು ಬಂತು.

"ಅಮ್ಮಾ, ನಾನು ಅಡ್ಮಿನ್ನು. ಬೇಜಾರ್ ಮಾಡ್ಕೋಬೇಡಿ. ಫ್ಯಾಕ್ಟರೀಲಿ ಅಚ್ಚು ಮಾಡೋ ಕೆಲಸ ನಂದು. ಮೊದಲನೇ ಆನೆಕಾಸು ಸಿಕ್ಕಾಗ ಪಾಲಿಶ್ ಮಾಡೋ ಬಫಿಂಗ್ ಮೆಷಿನ್ನಿಗೆ ಹಿಡಿದುಬಿಟ್ಟೆ ಕಣಮ್ಮ. ಸೊಂಡಿಲೇ ಹೊರಟುಹೋಯ್ತು. ನಿಮ್ಮ ಆನೆಗೆ ಸೊಂಡಿಲಾದ್ರೂ ಇದೆಯಲ್ಲ!"

ಅಪ್ಪ ತೀರಿಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು. ಫೋನಿಡುವ ಮುಂಚೆ ಅವರು ಹೇಳಿದರು: "ತೊಳೆದ್ರೂ ಅಪ್ಪನ ಕಾಸು ಅಪ್ಪನ ಕಾಸೇ. ಇನ್ಮೇಲೆ ತೊಳೀಬೇಡಿ, ಅಷ್ಟೇ."

ಗ್ರೂಪಿನಲ್ಲಿ ಅವರದು ಒಂದೇ ಕಟ್ಟುನಿಟ್ಟು: ಹೊಸಬರು ಏನೇ ಕೇಳಲಿ, ಯಾರೂ ನಗಬಾರದು. ನಕ್ಕವರಿಗೆ ಒಂದು ಸಲ ಎಚ್ಚರಿಕೆ ಕೊಡುತ್ತಿದ್ದರು, ಎರಡನೆಯ ಸಲ ತೆಗೆದುಹಾಕುತ್ತಿದ್ದರು. ನನ್ನ ಕಾಸು ನೋಡಿ ನಕ್ಕವರಿಗೂ ಅವತ್ತೇ ಎಚ್ಚರಿಕೆ ಹೋಗಿತ್ತು. ಆರ್.ಟಿ. ನಗರದ ದೊಡ್ಡ ಸಂಗ್ರಾಹಕರೊಬ್ಬರು, "ಇದೇನ್ ಗ್ರೂಪಾ, ಅಂಗನವಾಡೀನಾ?" ಎಂದು ಬರೆದು ಹೊರಟೇಹೋದರು. ಅವರ ಹಿಂದೆ ಹಳಬರಲ್ಲಿ ಅರ್ಧ ಜನ ಹೋದರು. ನಾನು ಗಾಬರಿಯಾಗಿ ಫೋನು ಮಾಡಿದರೆ, "ಹೋಗ್ಲಿ ಬಿಡಮ್ಮ. ಅವರಿಗೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತು. ಹೊಸಬರಿಗೆ ಅದೂ ಗೊತ್ತಿರಲ್ಲ," ಎಂದರು.

ಆಮೇಲೆ ನನ್ನನ್ನೂ ಅಡ್ಮಿನ್ ಮಾಡಿದರು. ಯಲಹಂಕದ ಕನ್ನಡಕದಂಗಡಿಯಲ್ಲಿ ನನ್ನ ಕೆಲಸ. ಗಿರಾಕಿಗಳಿಲ್ಲದಾಗ ಗ್ರೂಪು ನೋಡಿಕೊಳ್ಳುತ್ತಿದ್ದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅವರು ಸಣ್ಣಗಾಗುತ್ತ ಹೋದರು, ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು. ನೀರು ಕುಡಿಯುವಂತಿಲ್ಲವೆಂದು ಬಾಯಲ್ಲಿ ಒಂದು ಚೂರು ಐಸು ಇಟ್ಟುಕೊಂಡೇ ಮಾತಾಡುತ್ತಿದ್ದರು.

ಆಗ ಜಕ್ಕೂರಿನ ಹಳೇ ಊರಿನವರೊಬ್ಬರು ಗ್ರೂಪಿಗೆ ಬಂದರು. ವಯಸ್ಸಾದ ದನಿ. ಅವರು ಏನನ್ನೂ ಬರೆಯುತ್ತಿರಲಿಲ್ಲ, ದನಿ ಮುದ್ರಿಸಿ ಕಳಿಸುತ್ತಿದ್ದರು. ಅವರ ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುವಾಗ ಏಳು ಸಣ್ಣ ನಾಣ್ಯಗಳು ಸಿಕ್ಕಿದ್ದವಂತೆ. "ಯಾವ ರಾಜನ ಕಾಲದ್ದು ಅಂತ ಏಳ್ರಪ್ಪಾ," ಎಂದು ಕೇಳಿದರು. ಫೋಟೊ ಮಸುಕಾಗಿತ್ತು. ಬೆಳಕಿನಲ್ಲಿಟ್ಟು ಎರಡೂ ಬದಿ ತೆಗೆದು ಕಳಿಸಿ ಎಂದು ಬರೆದೆ. ಮತ್ತೆ ಅದೇ ಫೋಟೊ, ಅದೇ ಪ್ರಶ್ನೆ. ಮತ್ತೆ ಬರೆದೆ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಅಂಗಡಿಯಲ್ಲಿ ಯಾರ ಮೇಲೋ ಸಿಟ್ಟಾಗಿದ್ದವಳು ಎಲ್ಲರೆದುರು ಬರೆದುಬಿಟ್ಟೆ: "ಎಷ್ಟು ಸಲ ಹೇಳೋದು? ನಿಮಗೆ ಓದೋಕೆ ಬರಲ್ವಾ?" ಜೊತೆಗೊಂದು ನಗುವ ಮುಖ.

ಅದನ್ನು ಯಾರು ಅವರಿಗೆ ಓದಿ ಹೇಳಿದರೋ ಗೊತ್ತಿಲ್ಲ. ಸಂಜೆಯೊಳಗೆ ಒಂದು ದನಿ ಬಂತು. "ಇಲ್ಲ ಕಣಮ್ಮಾ, ನಂಗೆ ಓದಾಕ್ ಬರಾಕಿಲ್ಲ." ಅಷ್ಟೇ. ಗ್ರೂಪು ಬಿಟ್ಟು ಹೋದರು.

ಮರುದಿನ ಅಡ್ಮಿನ್ ಸಾರ್ ನನ್ನನ್ನು ಡಯಾಲಿಸಿಸ್ ಕೇಂದ್ರಕ್ಕೆ ಕರೆಸಿದರು. ಅವರು ಬಯ್ಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಗಬಾರದು ಅಂತ ಯಾಕೆ ಮಾಡಿದೀನಿ ಗೊತ್ತಾ? ಬಾಗಲಗುಂಟೆ ಕಡೆ ಹೆಂಗಸೊಬ್ಬಳು ಒಂದು ಹಳೇ ಐದು ರೂಪಾಯಿ ನೋಟು ಕಳಿಸಿದ್ಲು. ಗಂಡನ ಆಪರೇಷನ್ನು, ಇದಕ್ಕೆ ಲಕ್ಷ ಕೊಡ್ತಾರಂತೆ ನಿಜಾನಾ ಅಂದ್ಲು. ನಾನು, ಹೌದಮ್ಮ ಬಂಗಲೆ ಕಟ್ಸು ಅಂತ ಬರೆದೆ. ತಮಾಷೆಗೆ. ಅವಳು ನಿಜ ಅಂದ್ಕೊಂಡ್ಲು. ನೋಟು ಕೊಂಡ್ಕೋತೀವಿ ಅಂದ ಯಾರೋ ಕಳ್ಳರಿಗೆ ಮುಂಗಡ ಅಂತ ತಾಳಿ ಅಡ ಇಟ್ಟು ದುಡ್ಡು ಕಟ್ಟಿದ್ಲು. ಹುಡುಕ್ಕೊಂಡು ಹೋದೆ. ಬಾಗಿಲಿಗೆ ಬಂದು, ನೀವು ಹೌದು ಅಂದ್ರಲ್ಲ ಸಾರ್ ಅಂದ್ಲು. ಗಂಡ ಉಳೀಲಿಲ್ಲ."

ಯಂತ್ರ ಕುಯ್ಯೆಂದಿತು. ನರ್ಸ್ ಬಂದು, "ಬಿ.ಪಿ. ಏರ್ತಿದೆ, ಮಾತಾಡ್ಬೇಡಿ ಅಂಕಲ್," ಎಂದಳು.

ಅವರು ದನಿ ತಗ್ಗಿಸಿದರು. "ಆ ಜಕ್ಕೂರಿನ ಯಜಮಾನರನ್ನ ಹುಡುಕಿ ಗ್ರೂಪಿಗೆ ಕರ್ಕೊಂಡ್ ಬಾಮ್ಮ."

ನನಗೆ ಅವಮಾನವಾಗಿತ್ತು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಬೈಗುಳವೇ ಅನ್ನಿಸಿತ್ತು. "ಇನ್ನು ನನ್ನ ಕೈಲಾಗಲ್ಲ ಸಾರ್, ಬೇರೆಯವರನ್ನ ನೋಡ್ಕೊಳ್ಳಿ," ಎಂದು ಎದ್ದು ಬಂದೆ.

ಮುಂದಿನ ಸೋಮವಾರ ಅವರು ಮೂರು ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ. ಎರಡು ದಿನ ಬಿಟ್ಟು ಮಾಡೋಣ, ಅವರಿಗೂ ಗೊತ್ತಾಗಲಿ ಎಂದುಕೊಂಡೆ. ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತ ವಿದ್ಯಾರಣ್ಯಪುರದ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಹೆಬ್ಬಾಳದ ಚಿತಾಗಾರಕ್ಕೆ ಗ್ರೂಪಿನಿಂದ ಬಂದವರು ಮೂವರು. ಮೊಬೈಲಿನಲ್ಲಿ ಮಾತ್ರ ಕೈಮುಗಿದ ಚಿತ್ರಗಳು ಬಂದು ಬೀಳುತ್ತಲೇ ಇದ್ದವು. ದೇಹ ಇನ್ನೂ ಒಳಗೆ ಹೋಗಿರಲಿಲ್ಲ, ಆಗಲೇ ಯಾರೋ, "ಸಾರ್ ಕಲೆಕ್ಷನ್ ಯಾರಿಗೆ ಕೊಡ್ತಾರಂತೆ?" ಎಂದು ಕೇಳಿದ್ದರು.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನೇ ನೆನೆಸ್ಕೋತಿದ್ರು ಕಣಮ್ಮ. ಬಯ್ಯಬಾರದಿತ್ತು, ಹುಡುಗಿ ನೊಂದ್ಕೊಂಡ್ಲು ಅಂತಿದ್ರು," ಎಂದರು.

ಹನ್ನೊಂದನೆಯ ದಿನ ಕಳೆದ ಮೇಲೆ ಜಕ್ಕೂರಿನ ಯಜಮಾನರ ನಂಬರಿಗೆ ಫೋನು ಮಾಡಿದೆ. ಹೆಸರು ಹೇಳಿ, ತಪ್ಪಾಯಿತು ಎಂದೆ. ಮತ್ತೆ ಗ್ರೂಪಿಗೆ ಬನ್ನಿ, ಇಲ್ಲವಾದರೆ ನಾನೇ ನಿಮ್ಮಲ್ಲಿಗೆ ಬಂದು ನಾಣ್ಯ ನೋಡುತ್ತೇನೆ ಎಂದೆ.

"ಅಯ್ಯೋ, ಅವೆಲ್ಲಿ ಐತಮ್ಮಾ? ಅವತ್ತೇ ಕೆರೆಗೆ ಆಕ್ಬುಟ್ಟೆ. ಓದಾಕ್ ಬರ್ದೋನಿಗೆ ಯಾಕವು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಊಟ ಆಯ್ತಾ?" ಎಂದು ಕೇಳಿ ಫೋನಿಟ್ಟರು.

ಗ್ರೂಪನ್ನು ಈಗ ನಾನೇ ನಡೆಸುತ್ತಿದ್ದೇನೆ. ಹೊಸಬರು ಬರುತ್ತಾರೆ, ಕೆಲವರು ನಿಲ್ಲುತ್ತಾರೆ. ಆ ಯಜಮಾನರನ್ನು ಕರೆತರುವುದು, ಅಡ್ಮಿನ್ ಸಾರ್ ಹೇಳಿದ್ದ ಆ ಒಂದೇ ಒಂದು ಕೆಲಸ ಮಾತ್ರ ನನ್ನಿಂದ ಆಗಲಿಲ್ಲ. ಅದನ್ನು ತಿಳಿಸೋಣವೆಂದರೆ ಅವರಿಲ್ಲ.