ಒಣಗಿದ್ದ ಪೆಟ್ಟಿಗೆ

ಎದುರುಮನೆ ಕಾಕಾ ನಕ್ಕರೆ ಮೊದಲು ಕಾಣುತ್ತಿದ್ದುದು ಅವರ ಮುಂಬಲ್ಲಿನ ಕಚ್ಚು. ವರ್ಷಗಟ್ಟಲೆ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದ ಗುರುತು ಅದು. ಒಂದು ತಂತಿ ಕೂರುವಷ್ಟೇ ಅಗಲ.

"ಇಕ್ಕಳ ತಗೊಳ್ರಿ ಅಂದ್ರ ಕೇಳಂಗಿಲ್ಲ. ನಾಳೆ ರೊಟ್ಟಿ ಹೆಂಗ ಕಡೀತೀರಿ ನೋಡ್ತೀನಿ" ಎಂದು ಕಾಕಿ ರೇಗುತ್ತಿದ್ದರು.

"ನೀ ಮೆತ್ತಗ ಮಾಡಿದ್ರ ಕಡಿಯೋದ್ಯಾಕ?"

ಕಾಕಾ ಕೆಲಸಕ್ಕಿದ್ದ ಸಣ್ಣ ಕಂಪನಿ ಹೊಸಪೇಟೆಯಲ್ಲಿ ಕುಳಿತು ದೂರದ ಯಂತ್ರಗಳ ಬಿಸಿಯನ್ನು ಪರದೆಯ ಮೇಲೆ ನೋಡುತ್ತಿತ್ತು. ಸಂಡೂರಿನ ಯಾರ್ಡಿನಲ್ಲಿ ಅದಿರು ಸಾಗಿಸುವ ಬೆಲ್ಟುಗಳು, ಕಂಪ್ಲಿಯ ಬಾಳೆಹಣ್ಣಿನ ಕೋಲ್ಡ್ ಸ್ಟೋರೇಜು, ಎಲ್ಲೆಡೆ ಸೆನ್ಸರ್ ಇತ್ತು. ಅಂಕಿ ಹುಚ್ಚುಹುಚ್ಚಾಗಿ ಏರಿದಾಗ ಕಾಕಾ ಸ್ಕೂಟರ್ ಹತ್ತುತ್ತಿದ್ದರು. ಹೋಗಿ ನೋಡಿದರೆ ಯಂತ್ರ ತಣ್ಣಗಿರುತ್ತಿತ್ತು. ಇಲಿ ವೈರ್ ಕಡಿದಿರುತ್ತಿತ್ತು, ಇಲ್ಲವೇ ವೈರುಗಳ ಜೋಡಣೆಯ ಪೆಟ್ಟಿಗೆಯೊಳಗೆ ಮಳೆನೀರು ಹೊಕ್ಕಿರುತ್ತಿತ್ತು. "ಬಿಸಿ ಸುಳ್ಳು ಹೇಳಂಗಿಲ್ಲ, ವೈರ್ ಹೇಳತೈತಿ" ಎಂಬುದು ಅವರ ಮಾತು. ಅದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದರು.

ಆ ಮಳೆಗಾಲದಲ್ಲಿ ಒಂದು ದಿನ ಅವರು ಕಂಪ್ಲಿಯಲ್ಲಿದ್ದಾಗ ಸಂಡೂರಿನಿಂದ ಫೋನ್ ಬಂತು. ಮಾತಾಡಿದವನು ಯಾರ್ಡಿನ ಬೆಲ್ಟ್ ಆಪರೇಟರ್, ಕಾಕಾರ ಜೀವದ ಗೆಳೆಯ. ಆ ಮಾತುಕತೆಯನ್ನು ಕಾಕಾ ನನಗೆ ಎಷ್ಟೋ ಸಲ ಒಪ್ಪಿಸಿದ್ದಾರೆ, ಒಂದಕ್ಷರ ಬದಲಾಗದಂತೆ.

"ಲೇ, ಬೆಲ್ಟಿನ ಬೇರಿಂಗ್ ಭಾಳ ಬಿಸಿ ಆಗೈತಿ ಅಂತ ಹೊಸಪೇಟಿ ಪರದಿ ಮ್ಯಾಲ ತೋರ್ಸಾಕತ್ತೈತಂತ. ಬೆಲ್ಟ್ ನಿಲ್ಲಿಸ್ಲೇನು?"

"ಬ್ಯಾಡಲೇ. ನಿನ್ನೆ ಮಳಿ ಆಗೈತಿ, ಪೆಟ್ಟಿಗ್ಯಾಗ ನೀರು ಹೊಕ್ಕಿರತೈತಿ. ನಡಸು, ನಾ ಬರ್ತೀನಿ."

"ಜಲ್ದಿ ಬಾ. ಚಾ ನಿಂದು."

ಬೇರಿಂಗ್ ಸುಟ್ಟು ಬೆಲ್ಟಿಗೆ ಬೆಂಕಿ ಹತ್ತಿತು. ಆರಿಸಲು ಹೋದ ಆಪರೇಟರ್ ಹೊರಗೆ ಬರಲಿಲ್ಲ. ಕಾಕಾ ತಲುಪಿದಾಗ ಹೊಗೆಯಷ್ಟೇ ಉಳಿದಿತ್ತು. ಬೆಂಕಿ ತಾಕದೆ ದೂರದ ಕಂಬದ ಮೇಲಿದ್ದ ಪೆಟ್ಟಿಗೆಯನ್ನು ಅವರು ಎಲ್ಲರೆದುರು ತೆಗೆದರು. ಒಳಗೆ ಒಂದು ಹನಿ ನೀರಿರಲಿಲ್ಲ.

ಕಂಪನಿಯ ಮ್ಯಾನೇಜರ್ ಅವರನ್ನು ಪಕ್ಕಕ್ಕೆ ಕರೆದರು. "ವೈರಿಂಗ್ ದೋಷ ಅಂತ ಹೇಳಿಬಿಡ್ರಿ. ಎಲ್ಲಾರೂ ಉಳೀತೀವಿ, ನೀವೂ ಉಳೀತೀರಿ."

"ವೈರ್ ಸರಿ ಐತ್ರಿ. ಅದು ಖರೇನ ಹೇಳಿತ್ತು. ನಾನ ಕೇಳ್ಲಿಲ್ಲ."

ಮರುದಿನ ಎಲ್ಲ ಪತ್ರಿಕೆಗಳಲ್ಲಿ, ನಾನು ಕೆಲಸಕ್ಕಿದ್ದ ಪತ್ರಿಕೆಯಲ್ಲೂ, ಕಂಪನಿ ಕಳಿಸಿದ ಸಾಲೇ ಅಚ್ಚಾಯಿತು: ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿದೆ ಎನ್ನಲಾಗಿದೆ. ಕಾಕಾ ಆ ಹಾಳೆ ಹಿಡಿದು ನಮ್ಮ ಮನೆಗೆ ಬಂದರು. "ಇದನ್ನ ಯಾರು ನೋಡಿ ಬಂದ್ರು? ಎನ್ನಲಾಗಿದೆ ಅಂದ್ರ ಯಾರು ಅಂದ್ರು?" ನಾನು ಅವರ ಹೇಳಿಕೆ ಬರೆದುಕೊಂಡೆ. ಎರಡು ದಿನಗಳ ನಂತರ ಒಳಪುಟದಲ್ಲಿ ಬಂತು. ಅದರಿಂದ ಆದದ್ದು ಒಂದೇ, ಕಾಕಾರ ಕೆಲಸ ಹೋಯಿತು.

ಗೆಳೆಯನ ಹೆಂಡತಿಗೆ ತಾನೇ ಹೇಳಬೇಕೆಂದು ಅವರು ಸಂಡೂರಿಗೆ ಹೊರಟಾಗ ನಾನೂ ಜೊತೆಗಿದ್ದೆ. ಆಕೆ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. ಕುಂದ್ರಿ ಎನ್ನಲಿಲ್ಲ.

"ಸುಮ್ಕ ಇದ್ದಿದ್ರ ದೇವ್ರನ್ನ ಬೈಕೊಂಡು ಅಳ್ತಿದ್ದೆ, ಅಣ್ಣ. ಈಗ ನಿನ್ನ ಬೈಕೊಂಡು ಅಳಬೇಕು" ಎಂದು ಬಾಗಿಲು ಹಾಕಿಕೊಂಡಳು.

ಓಣಿಯವರ ಫ್ಯಾನುಗಳನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದ ಕಾಕಾ ಆಮೇಲೆ ಯಾರ ಮನೆಯ ಫ್ಯಾನನ್ನೂ ಮುಟ್ಟಲಿಲ್ಲ. ಹೋದ ವರ್ಷ ತೀರಿಕೊಂಡರು. ಕಂಪನಿಯಿಂದ ಯಾರೂ ಬರಲಿಲ್ಲ, ಆಕೆಯೂ ಬರಲಿಲ್ಲ. ಕಂಪನಿಯ ವರದಿಯಲ್ಲಿ ಇಂದಿಗೂ ತಪ್ಪು ವೈರಿನದೇ.

ಈಗ ಬೆಂಕಿಯ ಸುದ್ದಿ ನನ್ನ ಮೇಜಿಗೆ ಬಂದರೆ, ಪೆಟ್ಟಿಗೆ ತೆರೆದು ನೋಡಿದವರು ಯಾರು ಎಂದು ವರದಿಗಾರರನ್ನು ಕೇಳುತ್ತೇನೆ. ಹೆಚ್ಚಿನ ಸಲ ಯಾರೂ ನೋಡಿರುವುದಿಲ್ಲ. ಆಗ ಆ ‘ಎನ್ನಲಾಗಿದೆ’ ಸಾಲನ್ನು ಹೊಡೆದುಹಾಕಿ, ಕಾರಣ ತಿಳಿದಿಲ್ಲ ಎಂದು ಬರೆಯುತ್ತೇನೆ. ಮರುದಿನ ಯಾರೋ ದೊಡ್ಡವರ ಫೋನ್ ಬರುತ್ತದೆ:

"ಶಾರ್ಟ್ ಸರ್ಕ್ಯೂಟ್ ಅಂತ ಹಾಕಿದ್ರ ನಿಮ್ದೇನು ಹೋಗ್ತಿತ್ರಿ?"