ಒಂಬತ್ತನೇ ನಿಮಿಷ

ಯಾರಾದರೂ ಇಂಥ ಕತೆ ಹೇಳಲು ಕೂತರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಹೋಗುತ್ತಿದ್ದವಳು ನಾನು. ಸಾಗರದ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಅಮ್ಮ ಅದಕ್ಕೊಂದು ಅರ್ಥ ಹುಡುಕುತ್ತಿದ್ದಳು. ನಾನು ನಂಬುತ್ತಿದ್ದುದು ಗಡಿಯಾರವನ್ನು ಮಾತ್ರ. ಅದನ್ನು ನಂಬಿಯೇ ಅನ್ನ ತಿಂದವಳು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಈಗೇನೋ ಮಾತಾಡುತ್ತಿದ್ದ ಹಾಗೇ ದುಡ್ಡು ತಾನಾಗಿ ಕಡಿತವಾಗುತ್ತದೆ. ಆಗ ಆ ಕೆಲಸವನ್ನು ಮಾಡುತ್ತಿದ್ದುದು ನನ್ನಂಥವರ ಕಣ್ಣು ಮತ್ತು ಕೈ. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನು ಸಿಕ್ಕಿದಾಗ ನಾವು ಎರಡೂ ಕಡೆಯವರನ್ನು ವೈರಿನಿಂದ ಜೋಡಿಸಿ, ಟಿಕೆಟ್ ಎಂಬ ಪುಟ್ಟ ಚೀಟಿಯಲ್ಲಿ ಮಾತು ಶುರುವಾದ ಹೊತ್ತು ಬರೆಯುತ್ತಿದ್ದೆವು. ಮೂರು ನಿಮಿಷಕ್ಕೊಂದು ದರ. ಮೂರಾದ ಕೂಡಲೇ ನಡುವೆ ಬಾಯಿ ಹಾಕಿ, “ಮೂರು ನಿಮಿಷ ಆಯ್ತು, ಮುಂದುವರಿಸ್ಲಾ?” ಎಂದು ಕೇಳಬೇಕು. ಹೂಂ ಎಂದರೆ ಇನ್ನೊಂದು ಮೂರು. ಬೇರೆಯವರು ಕಾಯುತ್ತಿದ್ದರೆ ನಮ್ಮಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಆ ಚೀಟಿಗಳೇ ಆಮೇಲೆ ಬಿಲ್ಲಾಗಿ ಜನರ ಮನೆಗೆ ಹೋಗುತ್ತಿದ್ದವು.

ಕೆಲವು ಆಪರೇಟರುಗಳು ಅರ್ಧ ನಿಮಿಷ ಹೆಚ್ಚಿಗೆ ಬಿಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಹೆರಿಗೆಯ ಸುದ್ದಿಯಿರಲಿ, ಅಡಿಕೆ ಧಾರಣೆಯಿರಲಿ, ಅಳುವಿರಲಿ, ಮುಳ್ಳು ಬಂದು ನಿಂತಿತೆಂದರೆ ನನ್ನ ದನಿ ಅಲ್ಲಿ ಹಾಜರು. ಊರಿನವರು ನನಗೆ ‘ಮೂರು ನಿಮಿಷದ ಮೇಡಂ’ ಎಂದು ಹೆಸರಿಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹೂವಿನವಳು ಕೂಡ ನಾನು ಚೌಕಾಸಿಗೆ ನಿಂತರೆ, “ಬೇಗ ಹೇಳಿ ಮೇಡಮ್ಮ, ಮೂರು ನಿಮಿಷ ಆತು” ಎಂದು ಛೇಡಿಸುತ್ತಿದ್ದಳು. ಸಿಟ್ಟು ಬಂದವಳಂತೆ ಮುಖ ಮಾಡಿದರೂ ಒಳಗೊಳಗೇ ನನಗೆ ಹೆಮ್ಮೆ.

ಒಂದು ಮೇ ತಿಂಗಳಲ್ಲಿ ರಾತ್ರಿಯಿಡೀ ಗಾಳಿ ಬೀಸಿ ಎಲ್ಲೆಲ್ಲೂ ಮರ ಉರುಳಿದವು. ಬೆಳಗಾಗುವಷ್ಟರಲ್ಲಿ ತೀರ್ಥಹಳ್ಳಿ, ಶಿವಮೊಗ್ಗ ಎರಡೂ ಲೈನು ಹೋಗಿದ್ದವು. ರಸ್ತೆಗೂ ಮರ ಬಿದ್ದು ಬಸ್ಸುಗಳು ನಿಂತಿದ್ದವು. ಸಾಗರದ ಲೈನೊಂದು ಸರಿಯಿತ್ತು, ಆದರೆ ಅಲ್ಲಿಂದಲೂ ತೀರ್ಥಹಳ್ಳಿಗೆ ದಾರಿಯಿಲ್ಲ ಎಂದರು. ನಮ್ಮ ಲೈನ್‌ಮನ್ ಹುಚ್ಚಪ್ಪ ಇಬ್ಬರನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟಿದ್ದ. ಎರಡು ಗಂಟೆಗೆ ನಾನು ಡ್ಯೂಟಿಗೆ ಬಂದಾಗ ಬರೀ ತೀರ್ಥಹಳ್ಳಿಯವೇ ನಾಲ್ಕು ಟಿಕೆಟ್‌ಗಳು ಕಾಯುತ್ತಿದ್ದವು.

ಮೂರರ ಸುಮಾರಿಗೆ ಅಕ್ಕಿ ಮಿಲ್ಲಿನ ಗೌಡರು ತಾವೇ ಬಂದರು. ಫೋನಿನಲ್ಲಿ ಬುಕ್ ಮಾಡಬಹುದಿತ್ತು. ಆದರೂ ಬಂದರು. ಐವತ್ತು ದಾಟಿದ, ಗಟ್ಟಿ ದನಿಯ ಮನುಷ್ಯ. ಅವತ್ತು ಆ ದನಿಯೇ ಇರಲಿಲ್ಲ.

“ಮೇಡಮ್ಮ, ಎಂತಾದ್ರೂ ಮಾಡಿ ತೀರ್ಥಳ್ಳಿ ಕೊಡ್ಸಿ. ನಮ್ ಕಮಲು ಆಸ್ಪತ್ರೇಲಿ ಇದಾಳಂತೆ. ನಿನ್ನೆ ಕೊನೇ ಬಸ್ಸಲ್ಲಿ ಹೇಳಿ ಕಳ್ಸಿದ್ರು. ಹೋಗಾಣ ಅಂದ್ರೆ ರಸ್ತೆ ಇಲ್ಲ.”

“ಲೈನೇ ಇಲ್ಲ ಗೌಡ್ರೆ. ಸರಿಯಾದ್ರೆ ಮೊದ್ಲು ನಿಮಗೇ ಕೊಡ್ತೀನಿ.”

“ಒಂದೇ ಒಂದು ಮಾತು ಕೇಳೂದಿದೆ ಅವ್ಳ ಹತ್ರ. ಜಾಸ್ತಿ ಹೊತ್ತು ಬ್ಯಾಡ.”

ಆ ಒಂದು ಮಾತು ಏನೆಂದು ಊರಿಗೆಲ್ಲ ಗೊತ್ತಿತ್ತು. ತಂಗಿ ಕಮಲಮ್ಮ ಇವರ ಮಾತು ಮೀರಿ ಬೇರೆ ಜಾತಿಯ ಮೇಷ್ಟರೊಬ್ಬರನ್ನು ಮದುವೆಯಾಗಿದ್ದಳು. ಆಮೇಲೆ ತಾಯಿ ತೀರಿಕೊಂಡಾಗ ಮುಖ ನೋಡಲು ಬಂದವಳನ್ನು ಗೌಡರು ಅಂಗಳದಿಂದಲೇ ತಿರುಗಿಸಿ ಕಳಿಸಿದ್ದರು. ಅಲ್ಲಿಂದೀಚೆಗೆ ಅಣ್ಣ ತಂಗಿ ನಡುವೆ ಮಾತಿಲ್ಲ. ಆಸ್ಪತ್ರೆಯ ನಂಬರು, ಕಮಲಮ್ಮನನ್ನೇ ಕರೆಸಬೇಕು ಎಂದು ಟಿಕೆಟ್ ಬರೆದುಕೊಂಡು ಅವರನ್ನು ಮಿಲ್ಲಿಗೆ ಕಳಿಸಿದೆ. ಪಾಪ ಅನ್ನಿಸಿತು. ಸುಳ್ಳೇಕೆ, ಇಷ್ಟು ವರ್ಷ ಏನು ಮಾಡುತ್ತಿದ್ದರು ಎಂದೂ ಅನ್ನಿಸಿತು.

ಐದು ಗಂಟೆ ಕಳೆದು ಸ್ವಲ್ಪ ಹೊತ್ತಾಗಿತ್ತು. ಹೊರಗೆ ಒಳ್ಳೆಯ ಬಿಸಿಲು. ನಮ್ಮ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಒಂದು ಪುಟ್ಟ ತಗಡಿನ ಮುಚ್ಚಳವಿರುತ್ತಿತ್ತು. ಆ ಕಡೆಯಿಂದ ಯಾರಾದರೂ ಕರೆದರೆ ಅದು ಬೀಳುತ್ತಿತ್ತು. ತೀರ್ಥಹಳ್ಳಿಯ ಮುಚ್ಚಳ ಟಪ್ಪನೆ ಬಿತ್ತು. ಸದ್ಯ, ಹುಚ್ಚಪ್ಪ ಗೆದ್ದ ಎಂದುಕೊಂಡು ವೈರು ಸಿಕ್ಕಿಸಿ “ತೀರ್ಥಹಳ್ಳೀನಾ?” ಎಂದೆ. ಅಲ್ಲಿಯ ಆಪರೇಟರ್ ಗಿರಿಜಾಳ ದನಿ ಬರಲಿಲ್ಲ.

“ಹೊಸನಗರನಾ ಅಮ್ಮಾ? ನಮ್ಮ ಅಣ್ಣಯ್ಯನ್ನ ಕೊಡ್ತೀರಾ? ನಾನು ಕಮಲ,” ಎಂದಿತು ಒಂದು ಹೆಣ್ಣುದನಿ.

ಗಿರಿಜಾ ನನ್ನ ಜೊತೆ ಒಂದು ಮಾತೂ ಆಡದೆ ನೇರವಾಗಿ ಆಸ್ಪತ್ರೆಯವರನ್ನು ಜೋಡಿಸಿದ್ದಾಳಲ್ಲ ಎಂದು ಸಿಡುಕು ಬಂತು. ಅಷ್ಟೇ. ಭಯವಿಲ್ಲ, ಅನುಮಾನವಿಲ್ಲ. ಮಿಲ್ಲಿಗೆ ರಿಂಗ್ ಮಾಡಿ ಗೌಡರನ್ನು ಕೊಟ್ಟೆ. ಗಡಿಯಾರ ನೋಡಿ ಟಿಕೆಟ್‌ನಲ್ಲಿ ಐದು ಗಂಟೆ ಏಳು ನಿಮಿಷ ಎಂದು ಬರೆದೆ.

ಮೂರು ನಿಮಿಷಕ್ಕೆ ನಡುವೆ ಹೋದಾಗ ಗೌಡರು ಮಿಲ್ಲಿನ ಮಾಡಿನ ಶೀಟು ಹಾರಿಹೋದದ್ದನ್ನು ಹೇಳುತ್ತಿದ್ದರು. “ಮುಂದುವರಿಸ್ಲಾ?” ಎಂದೆ. ತಂಗಿಯೇ ಉತ್ತರ ಕೊಟ್ಟಳು: “ಕೊಡಿ ಅಮ್ಮಾ, ಅಣ್ಣಯ್ಯ ಇನ್ನೂ ಮಾತಿಗೇ ಬಂದಿಲ್ಲ.” ದನಿಯಲ್ಲಿ ನಗುವಿತ್ತು. ಎರಡನೇ ಸಲ ಹೋದಾಗ ಕೆಂಪು ಹಸು ಕರು ಹಾಕಿದ ವಿಷಯ ನಡೆದಿತ್ತು. ಮತ್ತೆ ಅವಳೇ “ಇನ್ನೊಂದ್ ಮೂರು ಕೊಡಿ” ಎಂದಳು. ನಮ್ಮ ಗಂಡಸರ ಹಣೆಬರಹವೇ ಇಷ್ಟು ಎಂದು ಬೈದುಕೊಂಡೆ. ಪಕ್ಕದಲ್ಲಿ ನಾಲ್ಕು ಟಿಕೆಟ್‌ಗಳು, ಲೈನು ಮತ್ತೆ ಯಾವಾಗ ಕೈಕೊಡುತ್ತದೋ ಎಂಬ ಆತಂಕ ಬೇರೆ.

ಸಮಯ ಮುಗಿಯಿತೆಂದು ಮೂರನೇ ಸಲ ಒಳಗೆ ಹೋದಾಗ ಗೌಡರು ಕೊನೆಗೂ ಮಾತಿಗೆ ಬಂದಿದ್ದರು. “ಕಮಲೂ, ಅವತ್ತು ನಿನ್ನ ಅಂಗಳದಿಂದ್ಲೇ ಕಳ್ಸಿದ್ನಲ್ಲ... ಅದನ್ನ ಇನ್ನೂ ಮನಸಲ್ಲಿ ಇಟ್ಕಂಡಿದ್ಯಾ?”

ಆ ಕಡೆ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು “ಟೈಮ್ ಆಯ್ತು” ಎಂದು ಗೌಡರ ವೈರು ಕಿತ್ತೆ.

ತೀರ್ಥಹಳ್ಳಿಯ ವೈರು ಇನ್ನೂ ಇತ್ತು. ಅವಳು ನನ್ನ ಕಿವಿಯ ಹತ್ತಿರವೇ, ಸಿಟ್ಟಿಲ್ಲದೆ ಹೇಳಿದಳು: “ಇನ್ನೊಂದು ನಿಮಿಷ ಇತ್ತಲ್ಲ ಅಮ್ಮಾ.”

“ಒಂಬತ್ತು ಆಯ್ತು,” ಎಂದು ಅದನ್ನೂ ಕಿತ್ತೆ. ಮುಗಿದ ಹೊತ್ತು ಬರೆದು, ಮೇಜಿನ ಮೇಲೆ ಚೀಟಿ ಚುಚ್ಚಿಡುವ ತಂತಿಗೆ ಟಿಕೆಟ್ ಸಿಕ್ಕಿಸಿ ಮುಂದಿನದನ್ನು ಕೈಗೆತ್ತಿಕೊಂಡೆ. ತೀರ್ಥಹಳ್ಳಿಯ ಲೈನಿನಲ್ಲಿ ಸದ್ದೇ ಇರಲಿಲ್ಲ. ಎಷ್ಟು ರಿಂಗ್ ತಿರುಗಿಸಿದರೂ ಕಲ್ಲಿನ ಹಾಗೆ ಬಿದ್ದಿತ್ತು.

ಕತ್ತಲಾಗುವ ಹೊತ್ತಿಗೆ ಹುಚ್ಚಪ್ಪ ಬಂದ. ಮೊಣಕಾಲವರೆಗೆ ಕೆಸರು, ಹೆಗಲ ಮೇಲೆ ತುಂಡಾದ ತಂತಿಯ ಸುರುಳಿ. “ಸರಿಯಾಗಿ ಮತ್ತೆ ಹೋಯ್ತಲ್ಲೋ,” ಎಂದೆ. ಅವನು ನನ್ನ ಮುಖ ನೋಡಿದ.

“ಎಲ್ಲಿ ಸರಿಯಾತು ಮೇಡಮ್ಮ? ಕೋಣಂದೂರಿಂದ ಈಚೆ ಆರು ಕಂಬ ಮಲಗ್ಯಾವೆ. ತಂತಿ ಎಲ್ಲ ಗದ್ದೇಲಿ ಬಿದ್ದದೆ. ನಾವಿನ್ನೂ ಜೋಡ್ಸೂಕೇ ಶುರು ಮಾಡ್ಲಿಲ್ಲ.”

ನಿದ್ದೆಗಣ್ಣಲ್ಲಿ ಕಂಡದ್ದು ಎನ್ನುತ್ತೀರೇನೋ. ನಾನೂ ಹಾಗೆಂದುಕೊಳ್ಳಲು ನೋಡಿದೆ. ಆದರೆ ಟಿಕೆಟ್ ಮೇಜಿನ ತಂತಿಯಲ್ಲೇ ಇತ್ತು, ಮಾತಾಡಿದ ಗೌಡರು ಮಿಲ್ಲಿನಲ್ಲಿದ್ದರು.

ಮರುದಿನ ಮಧ್ಯಾಹ್ನ ಲೈನು ನಿಜವಾಗಿ ಸರಿಯಾಯಿತು. ಹಿಂದಿನ ದಿನವಿಡೀ ಹೊಸನಗರದ ಲೈನು ಸತ್ತೇ ಇತ್ತು, ತಾನು ಯಾರನ್ನೂ ಜೋಡಿಸಿಲ್ಲ ಎಂದಳು ಗಿರಿಜಾ. ಮೊದಲು ಬಂದ ಕಾಲ್ ಕಮಲಮ್ಮನ ಗಂಡನದು, ಗೌಡರಿಗೆ. ಮೂರು ನಿಮಿಷ ಕೇಳಲು ಒಳಗೆ ಹೋದವಳಿಗೆ ಎಲ್ಲ ಕೇಳಿಸಿತು. ಹಿಂದಿನ ಮಧ್ಯಾಹ್ನವೇ ಆಕೆಗೆ ಎಚ್ಚರ ತಪ್ಪಿತ್ತು. ಹಾಸಿಗೆ ಬಿಟ್ಟು ಎದ್ದಿರಲೇ ಇಲ್ಲ. ಸಂಜೆ ಮಾತ್ರ ಯಾರೊಂದಿಗೋ ಮಾತಾಡುವವಳ ಹಾಗೆ ತುಟಿ ಅಲ್ಲಾಡುತ್ತಿತ್ತಂತೆ. ಐದೂಕಾಲರ ಹೊತ್ತಿಗೆ ತುಟಿ ನಿಂತಿತು, ಉಸಿರೂ ನಿಂತಿತು. ಅವತ್ತು ನಾನು “ಮುಂದುವರಿಸ್ಲಾ” ಎಂದು ಕೇಳಲಿಲ್ಲ. ಅವರಾಗಿ ಇಡುವವರೆಗೂ ಸುಮ್ಮನೆ ಕೂತಿದ್ದೆ.

ಸೂಪರ್‌ವೈಸರ್ ಒಳ್ಳೆಯವರೇ. ಆದರೆ ಆ ಟಿಕೆಟ್ ನೋಡಿ ಕೆಂಡವಾದರು. “ಲೈನ್ ಇಲ್ದೆ ಕಾಲ್ ಹೇಗಮ್ಮ? ಆಡಿಟ್‌ನೋರಿಗೆ ಏನು ಹೇಳ್ಲಿ? ಕ್ಯಾನ್ಸಲ್ ಮಾಡು. ನೀನಿನ್ನೂ ಪರ್ಮನೆಂಟ್ ಆಗಿಲ್ಲ, ನೆನಪಿರ್ಲಿ.” ಕೆಂಪು ಶಾಯಿಯಲ್ಲಿ ಗೆರೆ ಎಳೆಯಲು ಕೂತಾಗ ಮೊದಲ ಸಲ ನನ್ನದೇ ಅಕ್ಷರವನ್ನು ನೆಟ್ಟಗೆ ನೋಡಿದೆ. ಶುರುವಾದದ್ದು ಐದು ಏಳು. ಮುಗಿದದ್ದು ಐದು ಹದಿನೈದು.

ಬೆರಳಲ್ಲಿ ಎಣಿಸಿದೆ. ಎಂಟು.

ಬಿಲ್ಲು ಬಂದಾಗ ಗೌಡರು ಅದನ್ನು ಹಿಡಿದುಕೊಂಡು ಬಂದರು. ತಂಗಿಯ ಆ ಕಾಲ್ ಅದರಲ್ಲಿರಲಿಲ್ಲ.

“ನನ್ನ ತಂಗಿ ಹತ್ರ ಮಾತಾಡ್ದೆ ಅಂದ್ರೆ ಯಾರೂ ನಂಬೂದಿಲ್ಲ ಮೇಡಮ್ಮ. ಭಾವನೂ ನಂಬೂದಿಲ್ಲ. ಬಿಲ್ಲಲ್ಲೂ ಇಲ್ಲ ಅಂದ್ರೆ ನಾ ಮಾತಾಡೇ ಇಲ್ಲ ಅಂತಾತಲ್ಲ. ದುಡ್ಡು ಎಷ್ಟಾದ್ರೂ ಆಗ್ಲಿ, ಹಾಕ್ಕೊಡಿ.”

ಆಗುವುದಿಲ್ಲ ಎಂದೆ. ಕೆಲಸದ ಭಯ. ಅವರು ಬಿಲ್ಲನ್ನು ಮೇಜಿನ ಮೇಲಿಟ್ಟರು.

“ಕೊನೇಗೆ ಏನೋ ಹೇಳೂಕೆ ಹೊರಟಿದ್ಲು. ಅಷ್ಟರಲ್ಲಿ ಟೈಮ್ ಆಗೋಯ್ತು. ನಿಮಗೇನಾದ್ರೂ ಕೇಳಿಸ್ತಾ?”

“ನಾವು ಕೇಳಿಸ್ಕೊಳ್ಳೋ ಹಾಗಿಲ್ಲ ಗೌಡ್ರೆ,” ಎಂದೆ. ಅವರು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಆಮೇಲೆ ನನಗೆ ಸಾಗರಕ್ಕೆ ವರ್ಗವಾಯಿತು. ಯಂತ್ರಗಳು ಬಂದು ತಾವೇ ಲೆಕ್ಕ ಹಾಕತೊಡಗಿದವು. ಗೌಡರು ತೀರಿಕೊಂಡ ಸುದ್ದಿ ಬಹಳ ತಡವಾಗಿ ತಲುಪಿತು. ಒಮ್ಮೆ ಹೋಗಿ, ಟೈಮ್ ಆಗಿರಲಿಲ್ಲ, ನಾನೇ ಮೊದಲು ಕಡಿದೆ ಎಂದು ಹೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಹೋಗಲಿಲ್ಲ.

ಗದ್ದೆಯಲ್ಲಿ ಬಿದ್ದ ತಂತಿಯ ಮೇಲೆ ಮಾತು ಹೇಗೆ ಬಂತು ಎಂಬುದಕ್ಕೆ ತಿಳಿದವರು ಯಾರಾದರೂ ಒಂದು ದಿನ ಕಾರಣ ಹೇಳಿಯಾರು. ಆದರೆ ಒಂದು ಸೆಕೆಂಡೂ ತಪ್ಪದ ನಾನು ಅವತ್ತೇ ಯಾಕೆ ತಪ್ಪಿದೆ? ನನಗೇ ತಿಳಿಯದ ನನ್ನ ತಪ್ಪು, ಎಚ್ಚರವಿಲ್ಲದೆ ಮಲಗಿದ್ದ ಆ ಹೆಂಗಸಿಗೆ ಹೇಗೆ ಗೊತ್ತಾಯಿತು? ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ. “ಇಲ್ಲ ಅಣ್ಣಯ್ಯ” ಎನ್ನಲು ಒಂದು ನಿಮಿಷ ಧಾರಾಳವಾಗಿ ಸಾಕಿತ್ತು. “ಹೌದು” ಎನ್ನಲೂ ಸಾಕಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯದೆಯೇ ಗೌಡರು ಸತ್ತರು. ಆ ನಿಮಿಷ ನನ್ನ ಕೈಯಲ್ಲಿತ್ತು.